ಕೂರದ ಕಾರ್ಡು

ಬೀದರಿನ ನಮ್ಮ ಮನೆಯ ಗೋಡೆ ಕಪಾಟಿನಲ್ಲಿ, ಹಳೆಯ ಎಲ್‌ಐಸಿ ಬಾಂಡುಗಳ ಹಿಂದೆ, ಒಂದು ಗ್ರಾಫಿಕ್ಸ್ ಕಾರ್ಡ್ ಇದೆ. ಜಿಫೋರ್ಸ್ 4 ಎಂಎಕ್ಸ್ 440, ಮೆಮರಿ 64 ಎಂಬಿ. 2004ರಲ್ಲಿ ಅಪ್ಪ ಸಿಕಂದರಾಬಾದಿನಿಂದ ತಂದದ್ದು. ಇಷ್ಟು ವರ್ಷಗಳಲ್ಲಿ ಅದು ಒಂದು ದಿನವೂ ಯಾವ ಕಂಪ್ಯೂಟರಿನೊಳಗೂ ಕೂತಿಲ್ಲ. ಹಾಳಾಗಿದೆ ಎಂದಲ್ಲ. ಕೂರುವುದಕ್ಕೆ ಜಾಗವೇ ಇರಲಿಲ್ಲ. ಯಾಕೆ ಇರಲಿಲ್ಲ ಎನ್ನುವುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

2023ರ ದಸರೆಯ ಹೊತ್ತಿಗೆ ತಂಗಿಯ ಮಗ ಫೋನ್ ಮಾಡಿದ. ಡಿಪ್ಲೊಮಾ ಓದುತ್ತಿರುವ ಹುಡುಗ. ಅವರ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಯಾವುದೋ ಆಫೀಸಿನವರು ಹತ್ತು ವರ್ಷ ಬಳಸಿ ಬಿಟ್ಟದ್ದು, ನಾಲ್ಕನೇ ತಲೆಮಾರಿನ ಐ5.

“ಮಾಮಾ, ಹೊಸಾದು ಬ್ಯಾಡ್ರಿ. ಒಂದು ಕಾರ್ಡ್ ಹಾಕಿದ್ರ ಸಾಕು, ಜಿಟಿಎ ಫೈವ್ ಓಡ್ತದ. ನೀವು ಹೈದರಾಬಾದಿನಾಗೇ ಇದ್ದೀರಲ್ಲ.”

ನಾನು ಕೇಳಿದ ಮೊದಲ ಪ್ರಶ್ನೆ, “ಡಬ್ಬಿ ಬಿಚ್ಚಿ ನೋಡೀಯೇನು?” ಅವನು ನಕ್ಕ. ನಾನು ನಗಲಿಲ್ಲ.

ಬೀದರಿನವರಿಗೆ ಯಾವುದಾದರೂ ಸಾಮಾನು ಬೇಕೆಂದರೆ ಬೆಂಗಳೂರು ನೆನಪಾಗುವುದಿಲ್ಲ. ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಹೈದರಾಬಾದ್ 140ರ ಆಸುಪಾಸು. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿದರೆ ಬಂತು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ ರಾಜಧಾನಿ ಬದಲಾಯಿತು, ಆದರೆ ಆಸ್ಪತ್ರೆಗೆ, ಮದುವೆ ಜವಳಿಗೆ, ಕಾಲೇಜಿಗೆ ಬಸ್ ಹತ್ತುವ ದಿಕ್ಕು ಬದಲಾಗಲಿಲ್ಲ. ನಾನೂ ಹಾಗೇ ಬಂದು ಕಾಚಿಗುಡದಲ್ಲಿ ನೆಲೆಯೂರಿದೆ. ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವ ಬಡಾವಣೆ ಅದು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಮನೆಯಲ್ಲಿ ಕನ್ನಡ.

ಕಂಪ್ಯೂಟರಿನ ವಿಷಯದಲ್ಲಿ ಈ ಊರು ಮೊದಲಿನಿಂದಲೂ ಮುಂದು. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಇಸಿಐಎಲ್, 1967ರಲ್ಲಿ ಇಲ್ಲಿ ಶುರುವಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಟಿಡಿಸಿ-12 ಯಂತ್ರ 1969ರಲ್ಲಿ ಬಂತು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂದು ಅದರ ಪೂರ್ಣ ಹೆಸರು. ಅದನ್ನು ತಯಾರಿಸಿ ಮಾರಿದ್ದು ಇಸಿಐಎಲ್. ಆ ಕಾಲದ ಯಂತ್ರಗಳಿಗೆ ಇಂದಿನಂಥ ಬಣ್ಣದ ಪರದೆ ಎಲ್ಲಿಂದ ಬರಬೇಕು? ಲೆಕ್ಕ ಒಳಗೆ ಹೋಗುತ್ತಿತ್ತು, ಉತ್ತರ ಕಾಗದದ ಮೇಲೆ ಬರುತ್ತಿತ್ತು. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. 1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂದು ಆಮದಿನ ಬಿಗಿ ಸಡಿಲವಾಯಿತು. ಪಿಸಿ ಎಂಬ ಪೆಟ್ಟಿಗೆ ನಿಧಾನವಾಗಿ ಬ್ಯಾಂಕು, ಕಚೇರಿ, ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿಗೆ ಇಳಿಯಿತು.

ಆ ಪೆಟ್ಟಿಗೆಯೊಳಗೆ ಚಿತ್ರಕ್ಕೆಂದೇ ಬೇರೆ ಕಾರ್ಡ್ ಇರುವುದು ಮೊದಲ ದಿನದಿಂದ ಬಂದ ಪದ್ಧತಿ. 1981ರ ಐಬಿಎಂ ಪಿಸಿಯಲ್ಲಿ ಪರದೆಗೆ ತಂತಿ ಎಳೆಯುವ ಕೆಲಸ ಮದರ್‌ಬೋರ್ಡಿನದಾಗಿರಲಿಲ್ಲ, ಅದರ ಸ್ಲಾಟಿಗೆ ಸಿಕ್ಕಿಸುವ ಕಾರ್ಡಿನದು. ಆಯ್ಕೆ ಎರಡೇ. ಎಂಡಿಎ ಹಾಕಿಸಿದರೆ ಅಕ್ಷರ ಸ್ಫುಟವಾಗಿ ಕಾಣುತ್ತಿತ್ತು, ಚಿತ್ರ ಇಲ್ಲ. ಸಿಜಿಎ ಹಾಕಿಸಿದರೆ ಚಿತ್ರ ಬರುತ್ತಿತ್ತು, ಅದೂ 320×200 ಚುಕ್ಕಿಗಳಲ್ಲಿ ನಾಲ್ಕೇ ಬಣ್ಣ, ಅಕ್ಷರ ಮಾತ್ರ ಒರಟು.

ಈ ತೊಡಕಿಗೆ 1982ರಲ್ಲಿ ದಾರಿ ತೋರಿಸಿದವನು ಆಟದ ಹುಚ್ಚಿನವನಲ್ಲ. ವಾನ್ ಸುವನ್ನುಕುಲ್ ಎಂಬ ಥಾಯ್ಲೆಂಡಿನ ವಿದ್ಯಾರ್ಥಿ ಅಮೆರಿಕದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ. ಪ್ರಬಂಧದ ಕೆಲಸವನ್ನು ತನ್ನ ಥಾಯ್ ಲಿಪಿಯಲ್ಲಿ ಮಾಡಬೇಕು. ಎಂಡಿಎ ಕಾರ್ಡಿಗೆ ಗೊತ್ತಿದ್ದುದು ಕಾರ್ಖಾನೆಯಲ್ಲಿ ತುಂಬಿದ್ದ ಇಂಗ್ಲಿಷ್ ಅಚ್ಚುಗಳು ಮಾತ್ರ. ಹಾಗಾಗಿ ಪರದೆಯ ಒಂದೊಂದು ಚುಕ್ಕಿಯನ್ನೂ ಬೇಕಾದಂತೆ ಬೆಳಗಿಸಬಲ್ಲ, ಅಕ್ಷರದ ಸ್ಫುಟತೆಯನ್ನೂ ಬಿಡದ ಕಾರ್ಡನ್ನು ಅವನೇ ಮಾಡಿದ. ಅದೇ 720×348 ಚುಕ್ಕಿಗಳ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡ್. ಜಗತ್ತಿನ ತುಂಬ ಮಾರಾಟವಾಯಿತು, ಭಾರತದ ಕಪ್ಪು-ಬಿಳುಪು ಪಿಸಿಗಳಲ್ಲೂ ಅದರ ನಕಲುಗಳು ಬಹಳ ವರ್ಷ ಉಳಿದವು.

ನಮ್ಮದೂ ಅದೇ ಕಷ್ಟವಾಗಿತ್ತು. ಇಂಗ್ಲಿಷಿನ ಅಕ್ಷರ ಒಂದು ಚೌಕದೊಳಗೆ ಕೂತುಬಿಡುತ್ತದೆ. ಕನ್ನಡದ್ದು ಹಾಗಲ್ಲ. ಮೇಲೆ ಗುಡಿಸು ಬೇಕು, ಪಕ್ಕದಲ್ಲಿ ದೀರ್ಘ ಬೇಕು, ಕೆಳಗೆ ಒತ್ತು ಬೇಕು. ‘ಸ್ತ್ರೀ’ ಎಂದು ಬರೆಯಲು ಎಂಡಿಎಯ ಹದಿನಾಲ್ಕು ಗೆರೆಯ ಚೌಕ ಎಲ್ಲಿ ಸಾಕು? ಐಐಟಿ ಕಾನ್ಪುರದಲ್ಲಿ ಆರ್‌.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ ಮೊದಲಾದವರು ಶುರು ಮಾಡಿದ ಭಾರತೀಯ ಲಿಪಿಗಳ ಕೆಲಸ ಪುಣೆಯ ಸಿ-ಡ್ಯಾಕ್‌ಗೆ ಬಂದು ಜಿಸ್ಟ್ ಕಾರ್ಡ್ ಆಯಿತು. ಪಿಸಿಯ ಸ್ಲಾಟಿಗೆ ಅದನ್ನು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲೂ ಕನ್ನಡ, ತೆಲುಗು, ದೇವನಾಗರಿ ಮೂಡುತ್ತಿತ್ತು. 1991ರಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿ ಭಾರತೀಯ ಮಾನಕವಾಯಿತು. ಕನ್ನಡ ಕಾಣಬೇಕಾದರೆ ಡಬ್ಬಿ ಬಿಚ್ಚಿ ಕಾರ್ಡ್ ಕೂರಿಸಬೇಕಾಗಿದ್ದ ಕಾಲ ಒಂದಿತ್ತು. ಗೇಮ್‌ಗಾಗಿ ಕಾರ್ಡ್ ಕೇಳುವ ಹುಡುಗರನ್ನು ಗದರುವಾಗ ನಾವು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ‘ಈ ಪರದೆಯಲ್ಲಿ ನನಗೆ ಬೇಕಾದ್ದು ಕಾಣುತ್ತಿಲ್ಲ’ ಎಂಬ ತಕರಾರಿನಿಂದಲೇ ಈ ಕಾರ್ಡುಗಳ ಕತೆಯೆಲ್ಲ ಹುಟ್ಟಿದ್ದು.

ವಿಂಡೋಸ್ ಬಂದ ಮೇಲೆ ಅಕ್ಷರದ ಸಮಸ್ಯೆ ಫಾಂಟಿನಲ್ಲೇ ಬಗೆಹರಿಯತೊಡಗಿತು. ಬರಹ, ನುಡಿ ಬಂದವು, ಜಿಸ್ಟ್ ಕಾರ್ಡಿನ ಕೆಲಸ ಮುಗಿಯಿತು. ಅಷ್ಟರಲ್ಲಿ ಕಾರ್ಡಿಗೆ ಹೊಸ ಯಜಮಾನ ಸಿಕ್ಕಿದ್ದ. ಅವನೇ ಗೇಮ್. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಬಂತು. ಅದು ಮೂರು ಆಯಾಮದ ಚಿತ್ರವನ್ನಷ್ಟೇ ಬಿಡಿಸುತ್ತಿತ್ತು. ಮಾಮೂಲಿ ಕೆಲಸಕ್ಕೆ ಇನ್ನೊಂದು ಕಾರ್ಡ್ ಇರಲೇಬೇಕು, ಎರಡರ ನಡುವೆ ಹೊರಗಡೆಯಿಂದ ಒಂದು ಕೇಬಲ್. 1993ರಲ್ಲಿ ಹುಟ್ಟಿದ್ದ ಎನ್‌ವಿಡಿಯಾ 1999ರಲ್ಲಿ ಜಿಫೋರ್ಸ್ 256 ತಂದು ಅದನ್ನು ಜಿಪಿಯು ಎಂದು ಕರೆಯಿತು. ಮರುವರ್ಷದ ಕೊನೆಗೆ 3ಡಿಎಫ್‌ಎಕ್ಸ್‌ನ ಆಸ್ತಿಯೇ ಎನ್‌ವಿಡಿಯಾದ ಪಾಲಾಯಿತು.

ಸ್ಲಾಟೂ ಬದಲಾಯಿತು. ಮೊದಲಿದ್ದ ಐಎಸ್‌ಎ ಹೋಗಿ ಬಿಳಿಯ ಪಿಸಿಐ ಬಂತು. ಆ ದಾರಿಯನ್ನು ಧ್ವನಿ, ಮೋಡೆಮ್, ಚಿತ್ರ ಎಲ್ಲವೂ ಹಂಚಿಕೊಳ್ಳಬೇಕಿತ್ತು. ಚಿತ್ರಕ್ಕೇ ಒಂದು ಪ್ರತ್ಯೇಕ ದಾರಿ ಇರಲಿ ಎಂದು ಇಂಟೆಲ್ 1997ರಲ್ಲಿ ಎಜಿಪಿ ತಂದಿತು. ನೋಡಲು ಕಂದು ಬಣ್ಣ, ಪಿಸಿಐಗಿಂತ ತುಸು ಹಿಂದಕ್ಕೆ ಸರಿದು ಕೂತಿರುತ್ತಿತ್ತು. ನನ್ನ ಕತೆ ಇಲ್ಲಿ ಬರುತ್ತದೆ.

2003ರಲ್ಲಿ ಅಪ್ಪ ಸಾಲ ಮಾಡಿ ನಮಗೆ ಒಂದು ಅಸೆಂಬಲ್ಡ್ ಕಂಪ್ಯೂಟರ್ ಕೊಡಿಸಿದ್ದರು. ಪೆಂಟಿಯಮ್ 4. ಗೆಳೆಯನ ಮನೆಯಲ್ಲಿ ಓಡುವ ಆಟ ನಮ್ಮಲ್ಲಿ ತಡವರಿಸುತ್ತಿತ್ತು. ಅವನಲ್ಲಿ ಎಂಎಕ್ಸ್ 440 ಇದೆ ಎಂದು ತಿಳಿಯಿತು. ಮರುವರ್ಷ ಅಪ್ಪ ಕಣ್ಣಿನ ತಪಾಸಣೆಗೆಂದು ಹೈದರಾಬಾದಿಗೆ ಹೊರಟಾಗ ಒಂದು ಚೀಟಿಯಲ್ಲಿ ಅದರ ಹೆಸರು ಬರೆದು ಕೊಟ್ಟೆ. ಕಣ್ಣಿಗೆ ಔಷಧಿ ಹಾಕಿಸಿಕೊಂಡ ಮನುಷ್ಯ, ಮಬ್ಬು ದೃಷ್ಟಿಯಲ್ಲೇ ಸಿಕಂದರಾಬಾದಿಗೆ ಹೋಗಿ, ಅಂಗಡಿಯಲ್ಲಿ ಆ ಚೀಟಿ ತೋರಿಸಿ, 2,800 ರೂಪಾಯಿ ಎಣಿಸಿ ಕಾರ್ಡ್ ತಂದರು. ರಾತ್ರಿ ನಾನು ಡಬ್ಬಿ ಬಿಚ್ಚಿದೆ. ಮೂರು ಬಿಳಿ ಸ್ಲಾಟುಗಳಿದ್ದವು. ಕಂದು ಸ್ಲಾಟ್ ಇರಬೇಕಾದ ಜಾಗದಲ್ಲಿ ಬರಿಯ ಹಸಿರು ಬೋರ್ಡು.

ನಮ್ಮ ಮದರ್‌ಬೋರ್ಡಿನ ಚಿಪ್‌ಸೆಟ್ ಇಂಟೆಲ್ 845ಜಿವಿ. 845ಜಿ ಎಂಬುದರಲ್ಲಿ ಒಳಗೇ ಗ್ರಾಫಿಕ್ಸ್ ಇತ್ತು, ಬೇಕಾದರೆ ಮುಂದೆ ಕಾರ್ಡ್ ಹಾಕಿಕೊಳ್ಳಲು ಎಜಿಪಿಯೂ ಇತ್ತು. ಅದರಲ್ಲಿ ಎಜಿಪಿಯನ್ನು ಕಿತ್ತು ಅಗ್ಗ ಮಾಡಿದ್ದು 845ಜಿವಿ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಕಂಪ್ಯೂಟರ್ ಕೊಳ್ಳುವ ದಿನ ಉಳಿದ ಕೆಲವು ನೂರು ರೂಪಾಯಿ, ಮುಂದಿನ ದಾರಿಯನ್ನೇ ಮುಚ್ಚಿತ್ತು. ಅದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕೆಂದು ಗೊತ್ತಿರಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ಕೇಳಿದರು, “ಈಗ ಚೊಲೋ ಕಾಣ್ತದೇನು?”

“ಹ್ಞೂ ಅಪ್ಪಾ,” ಎಂದೆ. ಕಾರ್ಡನ್ನು ಪೆಟ್ಟಿಗೆ ಸಮೇತ ಕಪಾಟಿನಲ್ಲಿ ಬಾಂಡುಗಳ ಹಿಂದೆ ಸರಿಸಿದೆ. ಇನ್ನೊಮ್ಮೆ ಹೋಗಿ ವಾಪಸ್ ಕೊಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. 2011ರಲ್ಲಿ ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಸ್ಲಾಟ್ ಇದ್ದಿದ್ದರೂ ನನಗೆ ಬೇಕಾಗಿದ್ದ ಆಟ ಓಡುತ್ತಿರಲಿಲ್ಲ. 2003ರಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾದ ಹೊಸ ಆವೃತ್ತಿ ‘ದ ಸ್ಯಾಂಡ್ಸ್ ಆಫ್ ಟೈಮ್’ಗೆ ಪಿಕ್ಸೆಲ್ ಶೇಡರ್ ಬೇಕಿತ್ತು. ಅಂದರೆ ಪ್ರತಿ ಚುಕ್ಕಿಯ ಬಣ್ಣವನ್ನೂ ಲೆಕ್ಕ ಹಾಕಲು ಆಟದವರೇ ಬರೆದ ಪುಟ್ಟ ಪ್ರೋಗ್ರಾಮನ್ನು ಓಡಿಸುವ ಸಾಮರ್ಥ್ಯ. ಹಿಂದಿನ ಜಿಫೋರ್ಸ್ 3ರಲ್ಲಿ ಅದಿತ್ತು. ಹೆಸರಿನಲ್ಲಿ 4 ಇದ್ದರೂ ಎಂಎಕ್ಸ್ 440ರ ಒಳಗಿದ್ದುದು ಬಹುಪಾಲು ಜಿಫೋರ್ಸ್ 2ರ ಸರಕು. ದೊಡ್ಡ ಅಂಕೆ ಕಂಡರೆ ಹೊಸದು ಎಂದು ನಂಬುವುದು ಎಷ್ಟು ದುಬಾರಿ ಎಂದು ಭಾರತದ ಬಹಳ ಹುಡುಗರು ಆ ಕಾರ್ಡಿನಿಂದ ಕಲಿತರು. ಇಲ್ಲದ ಶೇಡರ್ ಇದೆ ಎಂದು ಆಟಕ್ಕೆ ಸುಳ್ಳು ಹೇಳುವ ‘3ಡಿ ಅನಲೈಜ್’ ಎಂಬ ತಂತ್ರಾಂಶ ಸಿಡಿಯಿಂದ ಸಿಡಿಗೆ ಹರಿದಾಡಿದ್ದು ಅದಕ್ಕೇ.

ಮುಂದಿನ ತಲೆಮಾರಿನ ಭಾಗ್ಯ ತೆರೆದದ್ದು 2004ರಲ್ಲೇ, ಅಪ್ಪ ಕಾರ್ಡ್ ತಂದ ವರ್ಷವೇ. ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂತು. ಅದಾದ ಮೇಲೆ ಎರಡನೇ, ಮೂರನೇ, ನಾಲ್ಕನೇ ಪೀಳಿಗೆ ಬಂದವು, ವೇಗ ಪ್ರತಿ ಸಲ ಸುಮಾರು ಎರಡು ಪಟ್ಟಾಯಿತು, ಆದರೆ ಸ್ಲಾಟಿನ ಆಕಾರ ಬದಲಾಗಲಿಲ್ಲ. ಹೊಸ ಕಾರ್ಡ್ ಹಳೆಯ ಸ್ಲಾಟಿನಲ್ಲಿ ಕೂರುತ್ತದೆ, ಹಳೆಯ ವೇಗಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಹುಡುಗನ 2013ರ ಯಂತ್ರಕ್ಕೆ 2016ರ ಕಾರ್ಡ್ ಹಾಕಬಹುದು ಎನ್ನುವ ಆಸೆಗೆ ಆಧಾರ ಇದೇ.

ಕೂರುವುದು ಬೇರೆ, ಬದುಕುವುದು ಬೇರೆ. ಈಗ ತೊಡಕು ಕರೆಂಟಿನದು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ 75 ವಾಟ್‌ವರೆಗೆ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಎಸ್‌ಎಂಪಿಎಸ್‌ನಿಂದ ನೇರ ತಂತಿ ಬೇಕು: ಆರು ಪಿನ್ನಿನದು ಇನ್ನೂ 75, ಎಂಟು ಪಿನ್ನಿನದು 150. ಹುಡುಗ ಡಬ್ಬಿ ಬಿಚ್ಚಿ ಫೋಟೋ ಕಳಿಸಿದ. ಎಸ್‌ಎಂಪಿಎಸ್ 290 ವಾಟ್, ಆರು ಪಿನ್ನಿನ ತಂತಿ ಒಂದೂ ಇಲ್ಲ. ಬೋರ್ಡಿಗೆ ಹೋಗುವ ಪ್ಲಗ್ಗು ಕೂಡ ಮಾಮೂಲಿ 24 ಪಿನ್ನಿನದಲ್ಲ, ಆ ಕಂಪನಿಯದೇ ಬೇರೆ ನಮೂನೆ. ಬಿಡಿಯಾಗಿ ಸಿಗುವ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಮನೆಯ ಯುಪಿಎಸ್ 600 ವಿಎ, ಅಂದರೆ ಸಾಮಾನ್ಯವಾಗಿ 360 ವಾಟಿನ ಆಸುಪಾಸು. ಬೀದರಿನ ಬೇಸಿಗೆಯಲ್ಲಿ ಕರೆಂಟ್ ಹೋದಾಗ ಮಾನಿಟರನ್ನೂ ಅದೇ ಹೊರಬೇಕು.

ಹಾಗಾಗಿ ನಿಯಮ ಒಂದೇ: ಸ್ಲಾಟಿನ 75 ವಾಟ್ ಮೀರದ ಕಾರ್ಡ್. 2014ರ ಜಿಟಿಎಕ್ಸ್ 750 ಟಿಐ, 60 ವಾಟ್. 2016ರ ಜಿಟಿಎಕ್ಸ್ 1050 ಟಿಐ, 75 ವಾಟ್, ಮೆಮರಿ 4 ಜಿಬಿ. ಹಳೆಯ ಆಫೀಸ್ ಪೆಟ್ಟಿಗೆಗಳಿಗೆ ಮರುಜೀವ ಕೊಟ್ಟ ಜೋಡಿ ಇದು. ಜಿಟಿಎ ಫೈವ್‌ನ ಪಿಸಿ ಆವೃತ್ತಿ 2015ರದು, ಅದು ಶಿಫಾರಸು ಮಾಡುವುದು ಜಿಟಿಎಕ್ಸ್ 660ನ್ನು. ಆ ಮಟ್ಟವನ್ನು 1050 ಟಿಐ ದಾಟುತ್ತದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ತಗೊಳ್ಳಿ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಅದಕ್ಕೆ ಪ್ರತ್ಯೇಕ ವಿದ್ಯುತ್ ತಂತಿ ಬೇಕು. ಮೇಲಾಗಿ ಅದು ಹದಿನಾರು ದಾರಿಗಳ ಸ್ಲಾಟಿನಲ್ಲಿ ನಾಲ್ಕನ್ನಷ್ಟೇ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಅದು ನಡೆಯುತ್ತದೆ, ಮೂರನೇ ಪೀಳಿಗೆಯ ಹಳೆಯ ಬೋರ್ಡಿನಲ್ಲಿ ಉಸಿರು ಕಟ್ಟುತ್ತದೆ. ಹೊಸದು ಎಂದಮಾತ್ರಕ್ಕೆ ಹಳೆಯದಕ್ಕೆ ಒಪ್ಪಬೇಕೆಂದಿಲ್ಲ, ಎಂಎಕ್ಸ್ 440ರ ಪಾಠವೇ ಇನ್ನೊಂದು ವೇಷದಲ್ಲಿ.

ಒಂದು ಶನಿವಾರ ಸಿಕಂದರಾಬಾದಿಗೆ ಹೋದೆ. ಬೆಂಗಳೂರಿಗೆ ಎಸ್‌.ಪಿ. ರೋಡ್ ಹೇಗೋ ಈ ಊರಿಗೆ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್ ಹಾಗೆ. ಎಲ್ಲರ ಬಾಯಲ್ಲಿ ಸಿಟಿಸಿ. ಪ್ಯಾರಡೈಸ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು. ಇದೇ ಊರಿನ ಇನ್ನೊಂದು ತುದಿಯ ಐಟಿ ಪ್ರದೇಶದಲ್ಲಿ ಎನ್‌ವಿಡಿಯಾ, ಎಎಂಡಿ ಎರಡಕ್ಕೂ ಕಚೇರಿಗಳಿವೆ. ಅಲ್ಲಿ ಮುಂದಿನ ಚಿಪ್ಪುಗಳ ಕೆಲಸ, ಇಲ್ಲಿ ಹಿಂದಿನ ಚಿಪ್ಪುಗಳ ಎರಡನೆಯ ಜನ್ಮ. ಗಾಜಿನ ಕಟ್ಟಡಗಳ ಕಂಪನಿಗಳು ಬಿಟ್ಟ ಡೆಸ್ಕ್‌ಟಾಪುಗಳು ಸಾಲಾಗಿ ಇಂಥ ಅಂಗಡಿಗಳಿಗೇ ಇಳಿಯುತ್ತವೆ, ಇಲ್ಲಿಂದ ಬೀದರ, ನಿಜಾಮಾಬಾದ್, ಕಲಬುರಗಿಗೆ ಹೋಗುತ್ತವೆ.

ಹಳೆಯ ಕಾರ್ಡುಗಳ ಬೆಲೆ ಆಗ ಇಳಿದಿತ್ತು, ಅದಕ್ಕೂ ಕಾರಣವಿದೆ. ಈಥರ್ ಎಂಬ ಕ್ರಿಪ್ಟೋ ಹಣವನ್ನು ಗ್ರಾಫಿಕ್ಸ್ ಕಾರ್ಡಿನಿಂದ ‘ಅಗೆಯ’ಬಹುದು ಎಂದು 2017ರಲ್ಲೊಮ್ಮೆ, 2020ರಿಂದ ಮತ್ತೊಮ್ಮೆ, ಜಗತ್ತಿನ ಕಾರ್ಡುಗಳೆಲ್ಲ ಗಣಿಗಾರರ ಪಾಲಾಗಿದ್ದವು. ಕೋವಿಡ್ ಕಾಲದಲ್ಲಿ ಚಿಪ್ ಕೊರತೆಯೂ ಸೇರಿ ಗೇಮ್ ಆಡುವವರಿಗೆ ಕೈಗೆಟುಕಲಿಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ತನ್ನ ಪದ್ಧತಿಯನ್ನೇ ಬದಲಿಸಿತು, ಆ ಗಣಿ ಒಂದೇ ದಿನದಲ್ಲಿ ಮುಚ್ಚಿತು. ಹಗಲಿರುಳು ದುಡಿದ ಕಾರ್ಡುಗಳು ಒರೆಸಿಕೊಂಡು ಹಳೆ ಸಾಮಾನಿನ ಮಾರುಕಟ್ಟೆಗೆ ಬಂದವು.

ಅದರ ಜೊತೆ ಮೋಸವೂ ಬಂತು. ಹತ್ತು ವರ್ಷ ಹಳೆಯ ಜಿಟಿಎಸ್ 450ರ ಬಯಾಸ್ ತಿದ್ದಿ 1050 ಟಿಐ ಎಂದು ಹೆಸರು ಹೇಳುವಂತೆ ಮಾಡಿದ ಕಾರ್ಡುಗಳುಂಟು. ಗಣಿಗೆಂದೇ ಮಾಡಿದ, ಮಾನಿಟರಿನ ಕಿಂಡಿಯೇ ಇಲ್ಲದ ಪಿ106 ಕಾರ್ಡುಗಳುಂಟು. ಹಾಗಾಗಿ ಅಂಗಡಿಯ ಹುಡುಗನಿಗೆ ಮೊದಲೇ ಹೇಳಿದೆ, “ಭಾಯ್, ಲಗಾಕೆ ದಿಖಾವ್.” ಅವನು ಬೇಸರಿಸಲಿಲ್ಲ. ಮೇಜಿನ ಮೇಲಿದ್ದ ಬೋರ್ಡಿಗೆ ಕಾರ್ಡ್ ಹಾಕಿ, ಜಿಪಿಯು-ಝಡ್ ತೆರೆದು ಚಿಪ್ಪಿನ ಹೆಸರು ತೋರಿಸಿದ. ಫರ್‌ಮಾರ್ಕ್ ಹತ್ತು ನಿಮಿಷ ಓಡಿಸಿದ. ಪರದೆಯಲ್ಲಿ ಚುಕ್ಕಿ ಬೀಳಲಿಲ್ಲ, ಫ್ಯಾನ್ ಕಿರುಗುಟ್ಟಲಿಲ್ಲ, ಉಷ್ಣಾಂಶ 70ರ ಹತ್ತಿರ ನಿಂತಿತು. 5,500 ರೂಪಾಯಿ ಕೊಟ್ಟೆ. ನಿಮ್ಮ ಬೋರ್ಡಿಗೆ ಒಪ್ಪದಿದ್ದರೆ ಏಳು ದಿನದೊಳಗೆ ತನ್ನಿ ಎಂದು ಚೀಟಿಯ ಹಿಂದೆ ಬರೆದುಕೊಟ್ಟ. ಆ ಚೀಟಿಯನ್ನು ಹಿಡಿದುಕೊಂಡು ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. 2004ರಲ್ಲಿ ಅಪ್ಪನೂ ಹೀಗೇ ಒಂದು ಚೀಟಿ ಹಿಡಿದು ಸಿಕಂದರಾಬಾದಿನ ಯಾವುದೋ ಮೆಟ್ಟಿಲು ಹತ್ತಿರಬೇಕು. ನನ್ನ ಚೀಟಿಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು: ಸ್ಲಾಟ್ ಯಾವುದು, ವಾಟ್ ಎಷ್ಟು, ಉದ್ದ ಎಷ್ಟು, ಬಯಾಸ್ ಯಾವ ಕಾಲದ್ದು. ಅವರ ಕೈಗೆ ನಾನು ಕೊಟ್ಟದ್ದು ಒಂದು ಹೆಸರನ್ನು ಮಾತ್ರ.

ಆಟಕ್ಕೆ ದುಡ್ಡು ಹಾಳು ಎಂದು ತಂಗಿ ಗೊಣಗಿದಳು. ಅವಳಿಗೆ ಒಂದು ಮಾತು ಹೇಳಿದೆ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೂವರು, ಚಿತ್ರದಲ್ಲಿ ಏನಿದೆ ಎಂದು ಗುರುತಿಸುವ ಅಲೆಕ್ಸ್‌ನೆಟ್ ಎಂಬ ಜಾಲವನ್ನು ಕಟ್ಟಿದರು. ಅದನ್ನು ಕಲಿಸಿದ್ದು ತಲಾ 3 ಜಿಬಿಯ ಎರಡು ಜಿಟಿಎಕ್ಸ್ 580 ಕಾರ್ಡುಗಳಲ್ಲಿ, ಗೇಮ್ ಆಡುವವರಿಗೆಂದು ಅಂಗಡಿಯಲ್ಲಿ ಮಾರುತ್ತಿದ್ದ ಕಾರ್ಡುಗಳಲ್ಲಿ. ಇವತ್ತಿನ ಎಐ ಭರಾಟೆಗೆ ದೊಡ್ಡ ತಿರುವು ಕೊಟ್ಟ ಕೆಲಸ ಅದು. ನಿನ್ನ ಮಗ ಹಾಗೇ ಆಗುತ್ತಾನೆಂದಲ್ಲ, ಆದರೆ ಆಟಕ್ಕೆಂದು ಬಂದದ್ದು ಆಟದಲ್ಲೇ ನಿಲ್ಲಬೇಕೆಂದಿಲ್ಲ. ಅವಳು ಪೂರ್ತಿ ಒಪ್ಪಲಿಲ್ಲ. “ಮೊದ್ಲು ಪಾಸಾಗ್ಲಿ,” ಎಂದಳು.

ಕಾರ್ಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬೀದರಿಗೆ ಒಯ್ದೆ. ಸ್ಲಾಟಿನ ಧೂಳು ಒರೆಸಿ ಒತ್ತಿದಾಗ ಕಟ್ಟೆಂದು ಸದ್ದಾಯಿತು. ಮೊದಲ ಸಲ ಪರದೆ ಕಪ್ಪಾಗೇ ಉಳಿಯಿತು. ನನ್ನ ಎದೆ ಧಸಕ್ಕೆಂದಿತು. ಹುಡುಗ ಶಾಂತವಾಗಿ ಮಾನಿಟರಿನ ಕೇಬಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಸಿಕ್ಕಿಸಿದ. ಬಂತು.

ಈ ಆಯುಷ್ಯವೂ ಶಾಶ್ವತವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು, ನಾಲ್ಕನೇ ತಲೆಮಾರಿನ ಐ5 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅದೇ ತಿಂಗಳು ಎನ್‌ವಿಡಿಯಾ ಈ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನೂ ನಿಲ್ಲಿಸಿತು. ಹುಡುಗ ಈಗ ಲಿನಕ್ಸ್ ಹಾಕುವ ಯೋಚನೆಯಲ್ಲಿದ್ದಾನೆ. ಎರಡು ವರ್ಷವಂತೂ ಒಂದು ಪೆಟ್ಟಿಗೆ ಗುಜರಿಗೆ ಹೋಗುವುದು ತಪ್ಪಿತು, ಇನ್ನೂ ಕೆಲವು ವರ್ಷ ತಪ್ಪಬಹುದು.

ಕಾರ್ಡ್ ಹಾಕಿದ ಆ ರಾತ್ರಿ ಅವನು ಆಡುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಯೋಚಿಸದೆಯೇ ಬಾಯಿಂದ ಬಂತು, “ಈಗ ಚೊಲೋ ಕಾಣ್ತದೇನು?”

ಅವನು ತಿರುಗದೇ ಹೇಳಿದ, “ಕಾಣ್ತದ್ರಿ ಮಾಮಾ. ಆದ್ರ ಪ್ಯಾಟ್ಯಾಗ ಗಾಡಿ ಜೋರ್ ಹೊಡದ್ರ ತಡವರಸ್ತದ. ಪ್ರೊಸೆಸರ್ ಸಾಲ್ತಾ ಇಲ್ಲ.”

ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಒಳಗೆ ಹೋಗಿ ಕಪಾಟಿನಿಂದ ಹಳೆಯ ಪೆಟ್ಟಿಗೆ ತೆಗೆದು ತಂದು, ಅವನ ಪಕ್ಕ ಕೂತು, ಇದರ ಕತೆ ಹೇಳಿದೆ. ಅವನಿಗಿಂತ ಮೊದಲು ಯಾರಿಗೂ ಹೇಳಿರಲಿಲ್ಲ.